ನಲವತ್ತೊಂದನೆಯ ಅಕ್ಷರ

ಮುನಿಗಂಗಪ್ಪ ಯಾರ ಹೆಸರನ್ನೂ ಮೊಟಕು ಮಾಡುತ್ತಿರಲಿಲ್ಲ. ಇದೊಂದು ಸಾಧಾರಣ ಅಭ್ಯಾಸವೆಂದು ತಿಳಿಯುವವರು ಗೌರಿಬಿದನೂರಿಗೆ ಹೊಸಬರು. ಹಳೆಯ ಕಾಲದಲ್ಲಾಗಿದ್ದರೆ ಈ ಒಂದು ವ್ರತಕ್ಕೇ ಉತ್ತರ ಪಿನಾಕಿನಿಯ ದಂಡೆಯ ಮೇಲೆ ಅವನಿಗೊಂದು ವೀರಗಲ್ಲು ನಿಲ್ಲಿಸುತ್ತಿದ್ದರು. ಅವನ ಪೂರ್ತಿ ಹೆಸರು ಕೆತ್ತಲು ಕಲ್ಲು ಸಾಲದೆ ಪಕ್ಕದಲ್ಲೇ ಇನ್ನೊಂದನ್ನೂ ನೆಡಬೇಕಾಗುತ್ತಿತ್ತು.

ಎಂಬತ್ತಾರನೇ ಇಸವಿಯಲ್ಲಿ, ಟೈಪಿಂಗಿನ ಸೀನಿಯರ್ ಪರೀಕ್ಷೆ ಪಾಸಾದ ಬಿಸಿಯಲ್ಲಿ, ಅವನು ದಿನಗೂಲಿಯ ಮೇಲೆ ಮತದಾರರ ಪಟ್ಟಿ ಟೈಪು ಮಾಡಲು ಹೋಗಿದ್ದ. ಅವನು ಒಂದು ಹಳ್ಳಿ ಮುಗಿಸುವಷ್ಟರಲ್ಲಿ ಪಕ್ಕದವರು ಒಂದು ಹೋಬಳಿ ಮುಗಿಸುತ್ತಿದ್ದರು. ಅವರ ಹೋಬಳಿಯ ತುಂಬ ಎಂ.ಜಿ., ವಿ.ಆರ್., ಕೆ.ಎನ್.ಗಳು ತುಂಬಿದ್ದರೆ, ಇವನ ಹಳ್ಳಿಯಲ್ಲಿ ಮನುಷ್ಯರು ಇದ್ದರು. ಮೂರನೆಯ ದಿನ ಅವನ ಟೈಪ್‌ರೈಟರಿನ ‘ಪ್ಪ’ ಒತ್ತುವ ಕೀಲಿ ಮುರಿದುಹೋಯಿತು. ನಾಲ್ಕನೆಯ ದಿನ ಅವನನ್ನು ಕಳಿಸಿಬಿಟ್ಟರು.

ಇನ್ನೊಮ್ಮೆ ಅಲೀಪುರದ ಹಿರಿಯರೊಬ್ಬರು ಹೈದರಾಬಾದಿಗೆ ರೈಲು ಟಿಕೆಟಿನ ಫಾರಂ ತುಂಬಿಸಿಕೊಳ್ಳಲು ಬಂದರು. ಮೀರ್ ಎಂಬಲ್ಲಿಂದ ಶುರುವಾದ ಅವರ ಹೆಸರು ಫಾರಮ್ಮಿನ ಚೌಕಗಳನ್ನೆಲ್ಲ ನುಂಗಿ ಅಂಚಿಗೆ ಬಂದು ನಿಂತಿತು. ಮುನಿಗಂಗಪ್ಪ ಸ್ಕೇಲು ತೆಗೆದು ಅಂಚಿನಲ್ಲಿ ಒಂಬತ್ತು ಹೊಸ ಚೌಕ ಗೀಚಿ ಹೆಸರು ಮುಗಿಸಿಯೇ ಕೊಟ್ಟ. ಹಿರಿಯರು ಅದನ್ನು ಕನ್ನಡಕದೊಳಗಿಂದ ಓದಿ, “ಬೇಟಾ, ನಮ್ಮ ಹೆಸರು ಇಷ್ಟುದ್ದ ಐತೆ ಅಂತ ನಮಗೇ ಮರ್ತೋಗಿತ್ತು” ಎಂದರಂತೆ. ರೈಲ್ವೆಯವರು ಆ ಫಾರಂ ವಾಪಸು ಕಳಿಸಿದರು ಎನ್ನುವುದು ಕಥೆಯ ಸಣ್ಣ ಭಾಗ. ಅದನ್ನು ಯಾರೂ ಹೇಳುವುದಿಲ್ಲ.

ಈ ಮಹಾವ್ರತದ ಮೂಲ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಅವನ ತಂದೆಯ ಹೆಸರು ಕೋನಪ್ಪ. ಊರಿನ ಮೇಲಿನ ಬೀದಿಯಲ್ಲಿ ಹಾಲುಹಲ್ಲು ಬೀಳದ ಮಕ್ಕಳು ಕೂಡ ಅವನನ್ನು ‘ಲೇ ಕೋನಿಗ’ ಎಂದೇ ಕರೆಯುತ್ತಿದ್ದರು. ಕೊನೆಗೊಂದು ‘ಅಪ್ಪ’ ಸೇರಿಸಿದ್ದರೆ ಯಾರ ನಾಲಗೆಯೂ ಸವೆಯುತ್ತಿರಲಿಲ್ಲ. ಆದರೂ ಸೇರಿಸಲಿಲ್ಲ. ಕೋನಪ್ಪ ಸಾಯುವವರೆಗೂ ಅರ್ಧ ಹೆಸರಿನಲ್ಲೇ ಬದುಕಿದ. ಮಗ ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪಿಂಗ್ ಕಲಿತು, ಬೆರಳುಗಳು ತನ್ನ ಮಾತು ಕೇಳುವಂತಾದ ದಿನವೇ ಕಂಡವರಿಗೆಲ್ಲ ಪೂರ್ತಿ ಹೆಸರು ಕೊಡಲು ಕೂತ.

ಎಂಬತ್ತೆಂಟರಲ್ಲಿ ಅವನಿಗೆ ಕುಡುಮಲಕುಂಟೆಯ ಒಂದು ಬಣ್ಣದ ಪುಡಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಕಾರ್ಖಾನೆಯ ಹೆಸರು ಹೇಳಿ ವಕೀಲರಿಗೆ ಕೆಲಸ ಕೊಡುವ ಇರಾದೆ ನನಗಿಲ್ಲ. ಅಲ್ಲಿ ದುಡಿದವರು ಮನೆಗೆ ಬಂದು ಮುಖ ತೊಳೆದರೆ ಬಚ್ಚಲಿನ ನೀರು ಸೋಮವಾರ ಹಳದಿ, ಗುರುವಾರ ನೀಲಿ ಆಗುತ್ತಿತ್ತು ಎಂದರೆ ಸಾಕು. ಮುನಿಗಂಗಪ್ಪ ಟೈಮ್ ಆಫೀಸಿನ ಗುಮಾಸ್ತ. ಗೇಟಿನ ಪಕ್ಕದ ಕಿಟಕಿಯ ಹಿಂದೆ ಕೂತು, ಯಾರು ಬಂದರು, ಯಾರು ಬರಲಿಲ್ಲ ಎಂದು ಬರೆಯುವುದು ಅವನ ಕೆಲಸ. ಪಾಳಿಗೆ ನೂರೈವತ್ತು ಜನ. ನೂರೈವತ್ತೂ ಪೂರ್ತಿ ಹೆಸರು.

ತೊಂಬತ್ತೈದರಲ್ಲಿ ಕಂಪ್ಯೂಟರ್ ಬಂತು. ಸರ್ವರ್ ಎಂಬ ದೊಡ್ಡ ಯಂತ್ರವನ್ನು ಹವಾನಿಯಂತ್ರಿತ ಕೋಣೆಯಲ್ಲಿ ಕೂರಿಸಿ, ಅದರಿಂದ ತಂತಿ ಎಳೆದು ನಾಲ್ಕು ಕಡೆ ನಾಲ್ಕು ಪರದೆ ಇಟ್ಟರು. ಕಾರ್ಮಿಕರಿಗೆ ಒಂದು ಫ್ಯಾನೂ ಇಲ್ಲದ ಕಾರ್ಖಾನೆಯಲ್ಲಿ ಆ ಯಂತ್ರಕ್ಕೆ ಸೆಖೆಯಾಗದ ಹಾಗೆ ನೋಡಿಕೊಳ್ಳಲು ಒಬ್ಬ ಆಳು ಇದ್ದ. ಮೂರನೆಯ ಪರದೆ ಮುನಿಗಂಗಪ್ಪನ ಮುಂದೆ ಬಂತು. ಗೇಟಿನ ಹಾಜರಿ ಪುಸ್ತಕ ಅಂದಿಗೆ ನಿಂತಿತು.

ಹಾಜರಿ ಹಾಕಲು ಎರಡು ದಾರಿ ಇದ್ದವು. ಕಾರ್ಮಿಕನ ಟೋಕನ್ ನಂಬರ್ ಒತ್ತಬಹುದು, ಇಲ್ಲವೇ ಹೆಸರು ಟೈಪು ಮಾಡಬಹುದು. ಲೋಕವೆಲ್ಲ ನಂಬರಿನ ದಾರಿಯಲ್ಲಿ ಹೋಯಿತು. ನಮ್ಮ ವೀರ ಯಾವ ದಾರಿ ಹಿಡಿದ ಎಂದು ಹೇಳಬೇಕಾಗಿಲ್ಲ.

ಆಗ ಕೂಲಿಗೆ ಸೇರಿದವನು ಅಂಬಾಜಿದುರ್ಗದ ಕಡೆಯ ವೆಂಕಟರವಣಪ್ಪ. ಅವರ ಮನೆಯಲ್ಲಿ ಹರಕೆಯಿಂದಾಗಿ ಮೂವರು ಗಂಡುಮಕ್ಕಳಿಗೂ ತಾತನ ಆ ಒಂದೇ ಹೆಸರು. ಇವನು ನಡುವಿನವನು. ಆ ಕಡೆಯ ತೆಲುಗಿನಲ್ಲಿ ‘ನಡಿಪಿ’. ಹೆತ್ತ ತಾಯಿ ತನ್ನ ಮಾವನ ಹೆಸರನ್ನು ಬಾಯಲ್ಲಿ ಹೇಳುವಂತಿರಲಿಲ್ಲವಾದ್ದರಿಂದ ಮಗನನ್ನು ಕರೆಯಲು ಬಯ್ಯಪ್ಪ ಎಂದು ಬೇರೊಂದು ಹೆಸರು ಇಟ್ಟುಕೊಂಡಳು. ಹೀಗೆ ಅವನು ನಡಿಪಿ ವೆಂಕಟರವಣಪ್ಪ ಬಿನ್ ಗಂಗುಲಪ್ಪ ಉರುಫ್ ಬಯ್ಯಪ್ಪ, ಅಂಬಾಜಿದುರ್ಗ. ಇಂಗ್ಲಿಷಿನಲ್ಲಿ ಟೈಪು ಮಾಡಿದರೆ ನಡುವಿನ ಜಾಗ ಸೇರಿ ಅರವತ್ತನಾಲ್ಕು ಒತ್ತು.

ಪ್ರೋಗ್ರಾಂ ಬರೆದವರು ಹೆಸರಿಗೆಂದು ನಲವತ್ತು ಅಕ್ಷರದ ಜಾಗ ಇಟ್ಟಿದ್ದರು. ನಲವತ್ತಾದ ಮೇಲೆ ನಿಲ್ಲಿಸು ಎಂದು ಹೇಳುವುದನ್ನು ಮರೆತಿದ್ದರು. ನಮ್ಮ ಚಿಂತಾಮಣಿ ಬಸ್ಸನ್ನು ನೆನೆಸಿಕೊಳ್ಳಿ. ಸೀಟು ನಲವತ್ತು. ಕಂಡಕ್ಟರ್ ಎಣಿಸುವವನಲ್ಲ. ಜನ ಹತ್ತುತ್ತಲೇ ಇದ್ದಾರೆ. ಸೀಟು ಮುಗಿದ ಮೇಲೆ ಬಂದವನು ಸೀದಾ ಮುಂದೆ ಹೋಗಿ, ಡ್ರೈವರ್ ಜಾಗದಲ್ಲಿ ಕೂತು ಸ್ಟೀರಿಂಗ್ ಹಿಡಿಯುತ್ತಾನೆ. ಬಸ್ಸು ‘ಯಾರಯ್ಯ ನೀನು’ ಎಂದು ಕೇಳುವುದಿಲ್ಲ. ಹೊರಡುತ್ತದೆ.

ಸರ್ವರಿನೊಳಗೆ ನಡೆದದ್ದೂ ಅದೇ. ಗಂಗುಲಪ್ಪನವರೆಗೆ ಸೀಟು ಸಿಕ್ಕಿತು. ಉರುಫ್ ಬಾಗಿಲಲ್ಲಿ ನೇತಾಡಿತು. ಬಯ್ಯಪ್ಪ ಪಕ್ಕದ ಜಾಗಕ್ಕೆ ನುಗ್ಗಿದ. ಆ ಪಕ್ಕದ ಜಾಗದಲ್ಲಿ, ಪರದೆಯ ಮುಂದೆ ಕೂತವನು ಗುಮಾಸ್ತ ಎಂಬ ಗುರುತನ್ನು ಯಂತ್ರ ಇಟ್ಟುಕೊಂಡಿತ್ತು. ಗುರುತು ಅಳಿಸಿಹೋಯಿತು. ಗುಮಾಸ್ತನಲ್ಲದವರೆಲ್ಲ ಮ್ಯಾನೇಜರ್ ಎನ್ನುವುದು ಆ ಯಂತ್ರದ ತಿಳಿವಳಿಕೆ. ಮೂರು ಕೆಲಸಗಳ ಪಟ್ಟಿ ತೋರಿಸುತ್ತಿದ್ದ ಪರದೆ ಥಟ್ಟನೆ ಹನ್ನೊಂದು ತೋರಿಸಿತು. ಹಳೆಯ ಹಾಜರಿ ತಿದ್ದುವುದು ಏಳನೆಯದು. ಅಳಿಸುವುದು ಎಂಟನೆಯದು.

ಬೇರೆ ಯಾರೇ ಆಗಿದ್ದರೂ ಬಾಗಿಲು ಹಾಕಿಕೊಂಡು ತಮ್ಮ ರಜೆಗಳನ್ನೆಲ್ಲ ಹಾಜರಿ ಮಾಡಿಕೊಳ್ಳುತ್ತಿದ್ದರು. ಮುನಿಗಂಗಪ್ಪ ಟೈಪ್‌ರೈಟರ್ ಎಳೆದುಕೊಂಡು, ಸಿಬ್ಬಂದಿಯನ್ನು ನೋಡಿಕೊಳ್ಳುವ ಪರ್ಸನೆಲ್ ಆಫೀಸರಿಗೆ ಅರ್ಜಿ ಬರೆದ. ಯಾವ ಹೆಸರು ಒತ್ತಬೇಕು, ಆಮೇಲೆ ಯಾವ ನಂಬರ್, ಏನೇನು ತಿದ್ದಬಹುದು ಎನ್ನುವುದನ್ನೆಲ್ಲ ಒಂದೊಂದಾಗಿ, ಮಗುವಿಗೂ ತಿಳಿಯುವಂತೆ ಬರೆದ. ಟೈಪಿಂಗ್ ಕಲಿತವರ ಪದ್ಧತಿಯಂತೆ ಕಾರ್ಬನ್ ಪ್ರತಿ ಇಟ್ಟುಕೊಂಡ. ಒಂದೂವರೆ ವರ್ಷದಲ್ಲಿ ಹೀಗೆ ಮೂರು ಅರ್ಜಿ.

ಪರ್ಸನೆಲ್ ಆಫೀಸರ್ ಪುಟ್ಟಸ್ವಾಮಯ್ಯ ಮೇಷ್ಟರ ಮಗ. ಕೆಟ್ಟ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ. ಮೂರನೆಯ ಅರ್ಜಿಯ ಹೊತ್ತಿಗೆ ಮುನಿಗಂಗಪ್ಪನನ್ನು ಕರೆಸಿ ಕೂರಿಸಿ ಹೇಳಿದ.

“ಟೋಕನ್ ನಂಬರ್ ಹೊಡಿ ಕಣಯ್ಯ. ಅವನದು ಮುನ್ನೂರ ಹದಿನೇಳು. ಮೂರು ಬೆರಳಿನ ಕೆಲ್ಸ.”

“ನಂಬರಿಗೆ ಅಪ್ಪ ಇರಲ್ಲ ಸಾರ್.”

“ನಿಂಗೆ ತಲೆ ಸರಿ ಇಲ್ಲ. ಬೆಂಗಳೂರಿಂದ ಚಲಪತಿ ಬರ್ತಾನೆ, ಅವನಿಗೆ ತೋರ್ಸು.”

ಚಲಪತಿ ಆ ಪ್ರೋಗ್ರಾಂ ಬರೆದ ಕಂಪನಿಯ ಹುಡುಗಾಟದ ಇಂಜಿನಿಯರ್. ಮುನಿಗಂಗಪ್ಪ ಅವನೆದುರೇ ಅರವತ್ತನಾಲ್ಕೂ ಒತ್ತಿ ತೋರಿಸಿದ. ಚಲಪತಿ ಪರದೆ ನೋಡಿ ಶಿಳ್ಳೆ ಹಾಕಿದ.

“ನಲವತ್ತು ಧಾರಾಳ ಆಯ್ತು ಅಂದ್ಕಂಡಿದ್ವಿ ಗುರುವೇ. ನನ್ನ ಹೆಸ್ರು ಮೂರು ಸಲ ಹೊಡೆದ್ರೂ ಜಾಗ ಮಿಗ್ತದೆ.”

“ಸರಿ ಮಾಡ್ತೀರಾ?”

“ಮುಂದಿನ ಸಲದ ಪ್ರೋಗ್ರಾಮಲ್ಲಿ ನೋಡಣ. ಅಲ್ಲೀಗಂಟ ನೀವೇ ಹೆಸ್ರು ಗಿಡ್ಡ ಮಾಡ್ಕಳಿ.”

“ನಂದಾಗಿದ್ರೆ ಮಾಡ್ಕಂತಿದ್ದೆ. ಹೆಸ್ರು ನಂದಲ್ವಲ್ಲ ಸಾರ್.”

ತೊಂಬತ್ತೇಳರ ಜುಲೈ ತಿಂಗಳ ಒಂದು ಗುರುವಾರ, ಎರಡು ಗಂಟೆಯ ಪಾಳಿಗೆ ವೆಂಕಟರವಣಪ್ಪ ಬಂದ. ಕಿಟಕಿಯ ಹತ್ತಿರ ನಿಂತು ಎರಡು ಮಾತಾಡಿದ. ಮುನಿಗಂಗಪ್ಪ ಹಾಜರಿ ಹಾಕಿದ. ನಾಲ್ಕು ಗಂಟೆಗೆ ಮೇಸ್ತ್ರಿ ವೆಂಕಟರವಣಪ್ಪನನ್ನು ಬಣ್ಣದ ಟ್ಯಾಂಕ್ ತೊಳೆಯಲು ಇಳಿಸಿದ. ಗಾಳಿಯಾಡಲು ಮುಚ್ಚಳವನ್ನು ಒಂದು ದಿನ ಮೊದಲೇ ತೆಗೆದಿಡಬೇಕಿತ್ತು. ಅರ್ಧ ಗಂಟೆ ಮೊದಲು ತೆಗೆದಿದ್ದರು. ಮೂಗಿಗೆ ಕಟ್ಟಿಕೊಳ್ಳಲು ಒಂದು ಟವಲು ಇತ್ತು. ನಾಲ್ಕೂ ಇಪ್ಪತ್ತಕ್ಕೆ ಮೇಲಿನವರು ಹಗ್ಗ ಜಗ್ಗಿದಾಗ ಒಳಗಿನಿಂದ ಮರುಜಗ್ಗು ಬರಲಿಲ್ಲ. ಎಲ್ಲರೂ ಓಡಿದರು. ಮುನಿಗಂಗಪ್ಪನೂ ಓಡಿದ. ಕಿಟಕಿ ತೆರೆದೇ ಇತ್ತು, ಪರದೆ ಹೊತ್ತಿಕೊಂಡೇ ಇತ್ತು. ವೆಂಕಟರವಣಪ್ಪನನ್ನು ಮೇಲೆತ್ತುವಾಗ ಮೈಯೆಲ್ಲ ನೀಲಿಯಾಗಿತ್ತು. ಬಣ್ಣವೋ ಮತ್ತೇನೋ ಎಂದು ಯಾರಿಗೂ ತಿಳಿಯಲಿಲ್ಲ.

ಮಾರನೆಯ ದಿನ ಮುನಿಗಂಗಪ್ಪ ಪರದೆ ನೋಡಿದರೆ, ನಡಿಪಿ ವೆಂಕಟರವಣಪ್ಪ ಗುರುವಾರ ಗೈರುಹಾಜರು.

ಸರ್ವರ್ ಯಾರು ಏನು ತಿದ್ದಿದರು ಎನ್ನುವುದನ್ನು ತಾನೇ ಒಂದು ಉದ್ದನೆಯ ಹಾಳೆಯ ಮೇಲೆ ಅಚ್ಚು ಹಾಕುತ್ತಿತ್ತು. ಆ ಹಾಳೆಯಲ್ಲಿ, ಗುರುವಾರ ಸಂಜೆ ಐದೂ ಐದು, ಮೂರನೆಯ ಪರದೆ, ಎಂದು ಇತ್ತು. ಮೂರನೆಯ ಪರದೆ ಎಂದರೆ ಮುನಿಗಂಗಪ್ಪ. ಐದು ಗಂಟೆಗೆ ಊರೆಲ್ಲ ಟ್ಯಾಂಕಿನ ಸುತ್ತ ನಿಂತಿತ್ತು. ಯಾರು ಅಲ್ಲಿದ್ದರು, ಯಾರು ಇರಲಿಲ್ಲ ಎಂದು ಯಾರೂ ನೋಡಿಟ್ಟುಕೊಂಡಿರಲಿಲ್ಲ. ಆದರೆ ಆ ಬೀಗವನ್ನು ಹೇಗೆ ತೆಗೆಯಬೇಕೆಂದು ಮಗುವಿಗೂ ತಿಳಿಯುವಂತೆ ಬರೆದಿದ್ದ ಮೂರು ಅರ್ಜಿಗಳು ಇಡೀ ಕಾರ್ಖಾನೆಯಲ್ಲಿ ಒಬ್ಬನ ಮೇಜಿನಲ್ಲಿ ಮಾತ್ರ ಇದ್ದವು.

ಕಾರ್ಖಾನೆಯ ಹೇಳಿಕೆ ಮಧ್ಯಾಹ್ನದ ಹೊತ್ತಿಗೆ ಸಿದ್ಧವಾಯಿತು. ಸತ್ತವನು ಅಂದು ಕೆಲಸಕ್ಕೆ ಬಂದಿರಲಿಲ್ಲ. ಕುಡಿದು, ಹಿಂದಿನ ಬೇಲಿ ಹಾರಿ, ಏನನ್ನೋ ಕದಿಯಲು ಬಂದು ಟ್ಯಾಂಕಿಗೆ ಬಿದ್ದ. ಹಗ್ಗ ಹಿಡಿದಿದ್ದ ಇಬ್ಬರನ್ನೂ ಮೇಸ್ತ್ರಿಯನ್ನೂ ಒಬ್ಬೊಬ್ಬರಾಗಿ ಒಳಗೆ ಕರೆದು ಕೇಳಿದರು. ಹೊರಗೆ ಬರುವಾಗ ಮೂವರೂ ಏನನ್ನೂ ನೋಡಿರಲಿಲ್ಲ.

ಮುನಿಗಂಗಪ್ಪನ ಸರದಿ ಕೊನೆಯದು. ಪುಟ್ಟಸ್ವಾಮಯ್ಯ ಅವನಿಗೆ ಕಾಫಿ ತರಿಸಿದ. ಒಂಬತ್ತು ವರ್ಷದ ನೌಕರಿಯಲ್ಲಿ ಅದು ಮೊದಲ ಕಾಫಿ. ಆಮೇಲೆ ಒಂದು ಹಾಳೆ ಮುಂದಿಟ್ಟ. ‘ಆ ದಿನ ಸದರಿಯವನು ಬಂದಿರಲಿಲ್ಲ. ಅಭ್ಯಾಸಬಲದಿಂದ ತಪ್ಪಾಗಿ ಹಾಜರಿ ಹಾಕಿದ್ದೆ. ನಂತರ ನಾನೇ ಸರಿಪಡಿಸಿದೆ.’

“ಇದರಲ್ಲಿ ನಿಂಗೇನೂ ತೊಂದ್ರೆ ಇಲ್ಲ,” ಎಂದ ಪುಟ್ಟಸ್ವಾಮಯ್ಯ. “ಕೈತಪ್ಪು ಎಲ್ರಿಗೂ ಆಗ್ತದೆ. ಹೆಡ್ ಕ್ಲರ್ಕ್ ಜಾಗ ಖಾಲಿ ಇದೆ, ನಿನ್ನ ಹೆಸ್ರೇ ಕಳಿಸಣ ಅಂತಿದೀನಿ. ಪೂರ್ತಿ ಹೆಸ್ರು.”

“ಸೈನ್ ಹಾಕ್ದಿದ್ರೆ?”

“ಯಂತ್ರದ ಬೀಗ ಮುರ್ದಿದ್ದೀಯ ಅಂತ ಪೊಲೀಸಿಗೆ ಬರೀಬೇಕಾಗ್ತದೆ. ನಂಗೆ ಇಷ್ಟ ಇಲ್ಲ ಕಣಯ್ಯ. ಸೋಮವಾರದವರ್ಗೂ ಟೈಮ್ ತಗೋ.”

ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಮನೆಗೆ ಬಂದರೆ ಜಗಲಿಯ ಮೇಲೆ ಸತ್ತವನ ಹೆಂಡತಿ ಆಂಜಿನಮ್ಮ ಕೂತಿದ್ದಳು. ಮೈದುನ ಜೊತೆಗಿದ್ದ. ಮಣ್ಣು ಮಾಡಿ ಬಂದ ಕಾಲು ತೊಳೆದಿರಲಿಲ್ಲ.

“ಅಣ್ಣಾ, ಏಮಂಟಾರು ಅವ್ರು? ನಮ್ಮಾಯಪ್ಪನ್ನ ಕಳ್ಳ ಅಂತಾರಂತೆ.”

ಮುನಿಗಂಗಪ್ಪ ಚಪ್ಪಲಿ ಬಿಟ್ಟು ಜಗಲಿಯ ಅಂಚಿಗೆ ಕೂತ.

“ಬೇರೆ ಏನೂ ಬ್ಯಾಡ ಅಣ್ಣ. ಕೆಲ್ಸಕ್ಕೆ ಬಂದು ಸತ್ತ ಅಂತ ಬರ್ಸಿಕೊಡು. ಮಗಳು ಸ್ಕೂಲಿಗೆ ಹೋಗ್ತಾಳೆ. ಅಲ್ಲಿ ಅಂದ್ರೆ ನಾನೇನ್ ಹೇಳ್ಲಿ?”

ಅವರು ಹೋದ ಮೇಲೆ ಅವನು ಹಾಳೆಯನ್ನು ಹೆಂಡತಿ ಲಕ್ಷ್ಮಿದೇವಮ್ಮನಿಗೆ ಓದಿ ಹೇಳಿದ. ಅವಳು ಸೊಪ್ಪು ಸೋಸುತ್ತಿದ್ದಳು. ಎರಡು ಹಿಡಿ ಸೋಸಿ ಬುಟ್ಟಿಗೆ ಹಾಕಿದಳು.

“ಹಾಕು ಅನ್ನಲ್ಲ, ಬ್ಯಾಡ ಅನ್ನಲ್ಲ. ಸೈನ್ ಹಾಕಿದ್ರೆ ಆ ಮಗೀಗೆ ಏನ್ ಹೇಳ್ಬೇಕು ಅಂತ ನೀನೇ ಹೋಗಿ ಹೇಳು, ನನ್ನ ಕಳಿಸ್ಬ್ಯಾಡ. ಹಾಕ್ದಿದ್ರೆ ಮಂಗಳವಾರದಿಂದ ನಾನು ರೇಷ್ಮೆ ಬಿಚ್ಚೋಕೆ ಶಿಡ್ಲಘಟ್ಟಕ್ಕೆ ಹೋಗ್ತೀನಿ. ಬೆಳಗ್ಗೆ ಅನ್ನ ನೀನೇ ಮಾಡ್ಕಬೇಕು.”

ಇಂಥ ಘಟ್ಟದಲ್ಲಿ ಹಿಂದಿನ ವೀರರು ಗುಡಿಗೆ ಹೋಗುತ್ತಿದ್ದರು, ಕತ್ತಿ ಮುಟ್ಟುತ್ತಿದ್ದರು, ಆಕಾಶ ನೋಡುತ್ತಿದ್ದರು. ನಮ್ಮವನು ಸೋಮವಾರ ಹಾಳೆಯನ್ನು ಹಾಗೇ ವಾಪಸು ಕೊಟ್ಟ. ಕೊಡುವ ಮೊದಲು ಅದರಲ್ಲಿದ್ದ ಎರಡು ಟೈಪಿಂಗ್ ತಪ್ಪುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಎನ್ನುತ್ತಾರೆ. ಹನ್ನೊಂದು ಗಂಟೆಗೆ ಅವನನ್ನು ಗೇಟಿನ ಹೊರಗೆ ಬಿಟ್ಟರು. ಎರಡು ಗಂಟೆಗೆ ಮನೆಗೆ ಪೊಲೀಸಿನವರು ಬಂದರು.

ಚಿಕ್ಕಬಳ್ಳಾಪುರದಲ್ಲಿ ಸಾವಿನ ವಿಚಾರಣೆ ನಡೆದದ್ದು ಆರು ತಿಂಗಳಾದ ಮೇಲೆ. ವಿಚಾರಣಾಧಿಕಾರಿ ಒಳ್ಳೆಯ ಮನುಷ್ಯ, ಸುಸ್ತಾದ ಮನುಷ್ಯ. ಆಂಜಿನಮ್ಮನನ್ನು ಕರೆದು, “ಗಂಡನ ಹೆಸರೇನಮ್ಮ?” ಎಂದ. ಅವಳು ತಲೆ ತಗ್ಗಿಸಿದಳು. ಗಂಡನ ಹೆಸರು ಹೇಳುವ ಪದ್ಧತಿ ಅವರಲ್ಲಿ ಇರಲಿಲ್ಲ. ಎರಡನೆಯ ಸಲ ಕೇಳಿದಾಗ ಹಿಂದಿನ ಬೆಂಚಿನಿಂದ, ಜಾಮೀನಿನ ಮೇಲೆ ಹೊರಗಿದ್ದ ಮುನಿಗಂಗಪ್ಪನ ದನಿ ಬಂತು. ನಡಿಪಿಯಿಂದ ಅಂಬಾಜಿದುರ್ಗದವರೆಗೆ, ಒಂದೂ ಬಿಡದೆ. ಬರೆದುಕೊಳ್ಳುತ್ತಿದ್ದ ಗುಮಾಸ್ತೆ ಎರಡು ಸಲ ತಲೆಯೆತ್ತಿ ನೋಡಿದಳು.

ಆಮೇಲೆ ಅವನ ಸಾಕ್ಷಿ. ಕಾರ್ಖಾನೆಯ ವಕೀಲರು ಯಾವ ಅರ್ಜಿಯೂ ತಮಗೆ ಬಂದಿಲ್ಲ ಎಂದರು. ಮುನಿಗಂಗಪ್ಪ ಚೀಲದಿಂದ ಮೂರು ಕಾರ್ಬನ್ ಪ್ರತಿ ತೆಗೆದು ಮೇಜಿನ ಮೇಲಿಟ್ಟ. ತನ್ನ ಬತ್ತಳಿಕೆಯ ಕೊನೆಯ ಬಾಣ ಬಿಟ್ಟವನ ಹಾಗೆ ಎದೆ ಮುಂದೆ ಮಾಡಿ ನಿಂತ. ವಕೀಲರು ಅವನ್ನು ಪ್ರೀತಿಯಿಂದ ಓದಿದರು. ಓದಿ, “ಸ್ವಾಮಿ, ಬೀಗ ತೆಗೆಯುವ ವಿದ್ಯೆಯನ್ನು ತಾನೇ ಕಂಡುಹಿಡಿದೆ ಅಂತ ಇವರೇ ಮೂರು ಸಲ ಬರೆದುಕೊಟ್ಟಿದಾರೆ” ಎಂದರು.

ಅಧಿಕಾರಿ ಕನ್ನಡಕ ತೆಗೆದ.

“ಆ ಹೆಸರು ಒತ್ತಿದ್ರೆ ಯಾರು ಬೇಕಾದ್ರೂ ಏನು ಬೇಕಾದ್ರೂ ತಿದ್ದಬಹುದು. ಅದೇ ತಾನೆ ನೀವು ಹೇಳೋದು?”

“ಹೂಂ ಸಾರ್. ಅದಕ್ಕೇ ಐದು ಗಂಟೆಗೆ ಹಾಕಿರೋ ಗೈರುಹಾಜರಿ ನಂಬಬಾರದು.”

“ಸರಿ. ಹಂಗಾದ್ರೆ ನೀವು ಎರಡು ಗಂಟೆಗೆ ಹಾಕಿದ ಹಾಜರೀನೂ ನಂಬೋಕಾಗಲ್ವಲ್ಲ?”

ಇಡೀ ವಿಚಾರಣೆಯಲ್ಲಿ ಮುನಿಗಂಗಪ್ಪ ತಡೆದು ನಿಂತದ್ದು ಅಲ್ಲೊಂದು ಕಡೆ. ಪ್ರಶ್ನೆಯನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡಿದ. ಅದರಲ್ಲಿ ತಪ್ಪು ಇರಲಿಲ್ಲ. ತೂತು ಇದೆಯೆಂದು ತೋರಿಸದಿದ್ದರೆ ಸತ್ತವನು ಕಳ್ಳ. ತೋರಿಸಿದರೆ ಆ ಯಂತ್ರದೊಳಗಿನ ಒಂದಕ್ಷರವೂ ಸಾಕ್ಷಿಯಲ್ಲ, ತಾನು ಒತ್ತಿದ್ದೂ ಸೇರಿ.

“ಆಗಲ್ಲ ಸಾರ್,” ಎಂದ.

“ಯಂತ್ರ ಬಿಡಿ. ಕಣ್ಣಾರೆ ನೋಡಿದ್ರಾ?”

“ನೋಡ್ದೆ ಸಾರ್. ಕಿಟಕಿ ಹತ್ರ ಬಂದ. ಮಗಳಿಗೆ ಜ್ವರ, ನಾಳೆ ರಜ ಬೇಕಿತ್ತು, ಯಾರನ್ನ ಕೇಳ್ಬೇಕು ಅಂದ.”

“ಬೇರೆ ಯಾರಾದ್ರೂ ಕೇಳಿಸ್ಕೊಂಡ್ರಾ?”

“ನೂರೈವತ್ತು ಜನ ಇದ್ರು ಸಾರ್. ಈಗ ಯಾರೂ ಇರಲಿಲ್ಲ ಅಂತಾರೆ.”

ಆದೇಶ ಬರಲು ಇನ್ನೂ ಎಂಟು ತಿಂಗಳು ಹಿಡಿಯಿತು. ತಾಲ್ಲೂಕು ಕಚೇರಿಯ ಮುಂದಿನ ಹುಣಸೆ ಮರದ ಕೆಳಗೆ ಮುನಿಗಂಗಪ್ಪ ಅದನ್ನು ಆಂಜಿನಮ್ಮನಿಗೆ ಓದಿ ಹೇಳಿದ. ಸದರಿ ದಿನ ಕೆಲಸಕ್ಕೆ ಹಾಜರಾಗಿದ್ದನೆಂಬುದು ಸಾಬೀತಾಗಿಲ್ಲ. ಬೇಲಿ ಹಾರಿ ಬಂದನೆಂಬುದೂ ಸಾಬೀತಾಗಿಲ್ಲ.

“ಕಳ್ಳ ಅಂತ ಬರ್ದಿಲ್ವಾ?”

“ಬರ್ದಿಲ್ಲಮ್ಮ.”

“ಕೆಲ್ಸಕ್ಕೆ ಬಂದಿದ್ದ ಅಂತ?”

“ಅದನ್ನೂ ಬರ್ದಿಲ್ಲ.”

ಅವಳು ಆ ಕಾಗದದ ಮೇಲೆ ಬೆರಳಿಟ್ಟಳು. “ಮತ್ತೆ ಅವತ್ತು ನಮ್ಮಾಯಪ್ಪ ಎಲ್ಲಿದ್ದ ಅಂತ ಬರ್ದವ್ರೆ?”

ಮುನಿಗಂಗಪ್ಪ ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದ.

ವಿಚಾರಣೆ ಮುಗಿದ ವಾರದಲ್ಲೇ ಚಲಪತಿ ಬೆಂಗಳೂರಿನಿಂದ ಬಂದು ತೂತು ಮುಚ್ಚಿದನಂತೆ. ಹತ್ತು ನಿಮಿಷದ ಕೆಲಸ. ಈಗ ಯಂತ್ರ ನಲವತ್ತು ಎಣಿಸಿ, ಮಿಕ್ಕಿದ್ದನ್ನು ಕತ್ತರಿಸಿ ಬಿಸಾಕುತ್ತದೆ. ಬೀಗ ಮುರಿದ ಕೇಸು ಇನ್ನೊಂದು ವರ್ಷ ನಡೆಯಿತು. ಮುನಿಗಂಗಪ್ಪ ಪ್ರತಿ ಸೋಮವಾರ ಠಾಣೆಗೆ ಹೋಗಿ ಸಹಿ ಹಾಕಿ ಬಂದ. ಕೊನೆಗೆ ಕಾರ್ಖಾನೆಯವರೇ ಬೇಸತ್ತು ಕೈಬಿಟ್ಟರು. ಲಕ್ಷ್ಮಿದೇವಮ್ಮ ಹೇಳಿದಂತೆಯೇ ಶಿಡ್ಲಘಟ್ಟದ ರೇಷ್ಮೆ ಫಿಲೇಚರಿಗೆ ಹೋದಳು. ಕುದಿನೀರಿನಲ್ಲಿ ಗೂಡು ಬಿಚ್ಚಿ ಬಿಚ್ಚಿ ಅವಳ ಬೆರಳ ತುದಿಗಳು ಬೆಳ್ಳಗೆ ನೆನೆದುಹೋಗಿವೆ. ಪುಟ್ಟಸ್ವಾಮಯ್ಯ ಬಡ್ತಿ ಪಡೆದು ಬೇರೆ ಕಾರ್ಖಾನೆಗೆ ಹೋದ. ಹೋಗುವಾಗ ಬೀಳ್ಕೊಡುಗೆಯಲ್ಲಿ ಅವನ ಸೌಜನ್ಯದ ಬಗ್ಗೆ ನಾಲ್ಕು ಜನ ಮಾತಾಡಿದರು.

ನಮ್ಮ ವೀರ ಈಗ ಆ ಹುಣಸೆ ಮರದ ಕೆಳಗೇ ಹಳೆಯ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಬರೆದುಕೊಡುತ್ತಾನೆ. ನಲವತ್ತು ದಾಟುವುದಕ್ಕೆ ಮೊದಲೇ ಕೂದಲು ನೆರೆತಿದೆ. ಹೋದ ತಿಂಗಳು ಅವನ ಪಕ್ಕದ ಕಲ್ಲಿನ ಮೇಲೆ ಕೂತು ನಾನು ಇದನ್ನೆಲ್ಲ ಒಂದು ಮಹಾಕಾವ್ಯವಾಗಿ ಅವನಿಗೇ ವರ್ಣಿಸಿದೆ. ಒಂದು ಕಡೆ ಹೆಡ್ ಕ್ಲರ್ಕಿನ ಸಿಂಹಾಸನ, ಇನ್ನೊಂದು ಕಡೆ ಸೆರೆಮನೆ, ನಡುವೆ ಕಾಫಿ ಲೋಟ, ಎದುರಿಗೆ ಸಹಿಗಾಗಿ ಬಾಯಿ ತೆರೆದು ಕೂತ ಹಾಳೆ. ಆ ಗಳಿಗೆಯಲ್ಲಿ ನಿನ್ನೊಳಗೆ ಎದ್ದ ಶಕ್ತಿ ಯಾವುದಪ್ಪ, ಧರ್ಮವೋ, ಅಪ್ಪನ ನೆನಪೋ, ಆ ಹೆಣ್ಣುಮಗಳ ಕಣ್ಣೀರೋ, ಯಾವುದು ನಿನ್ನ ಕೈ ಹಿಡಿದು ನಿಲ್ಲಿಸಿತು ಎಂದು ಕೇಳಿದೆ.

ಅವನು ಯಂತ್ರಕ್ಕೆ ಹಾಳೆ ಸಿಕ್ಕಿಸುತ್ತಿದ್ದ. ಅಂಚು ಸರಿಯಾಗಿ ಕೂತಿದೆಯೇ ಎಂದು ನೋಡಿಕೊಂಡ.

“ಅದ್ರಲ್ಲಿ ಬಂದಿರಲಿಲ್ಲ ಅಂತ ಬರ್ದಿತ್ತಣ್ಣ,” ಎಂದ. “ಬಂದಿದ್ನಲ್ಲ.”